ಗಡುವಿನ ಗೆಲುವು

ಬೆಂಗಳೂರಿನ ಉದ್ಯಮ ಸಮಾವೇಶಗಳಲ್ಲಿ ಕೆಂಪೇಗೌಡರ ಹೆಸರು ಬಾರದ ಸ್ವಾಗತ ಭಾಷಣ ಅಪರೂಪ. ಕೋಟೆ ಕಟ್ಟಿದರು, ಕೋಟೆಯ ಮಗ್ಗುಲಲ್ಲೇ ಕಸುಬಿಗೊಂದರಂತೆ ಪೇಟೆ ಕಟ್ಟಿದರು. ರಕ್ಷಣೆಯೂ ಉದ್ಯಮವೂ ಅಂದೇ ಕೈಹಿಡಿದಿದ್ದವು, ಇಂದಿಗೂ ಬಿಟ್ಟಿಲ್ಲ ಎಂಬಲ್ಲಿಗೆ ಮಾತು ಮುಗಿಯುತ್ತದೆ. ಅವರ ಹೆಸರಿನ ವಿಮಾನ ನಿಲ್ದಾಣ ದೇವನಹಳ್ಳಿಯಲ್ಲಿದೆ, ಅದಕ್ಕೆ ಹತ್ತಿರದಲ್ಲೇ ಏರೋಸ್ಪೇಸ್ ಪಾರ್ಕ್ ಇದೆ. 2015ರಲ್ಲಿ ಅವರದೆಂದು ಗುರುತಿಸಲಾದ ಸಮಾಧಿ ಇರುವುದು ಮಾತ್ರ ನಗರದ ಇನ್ನೊಂದು ದಿಕ್ಕಿಗೆ, ಮಾಗಡಿ ತಾಲ್ಲೂಕಿನ ಕೆಂಪಾಪುರದಲ್ಲಿ. ರಕ್ಷಣೆ, ಉದ್ಯಮಗಳ ಈ ನಂಟನ್ನು ನಾನು ನೋಡಲು ಹೊರಟಿರುವುದು ಆ ಕಡೆಯಿಂದ. ಮಾಗಡಿ ರಸ್ತೆ ಹಿಡಿದು ಮಾಚೋಹಳ್ಳಿಗೋ ಪೀಣ್ಯಕ್ಕೋ ಶಿಫ್ಟಿಗೆ ಹೋಗುವವರ ಕಡೆಯಿಂದ ನೋಡಿದರೆ, ಸಮಾವೇಶದ ವೇದಿಕೆ ಹೇಳುವ ಕಥೆಯಲ್ಲಿ ಹಲವು ಬಿರುಕುಗಳು ಕಾಣುತ್ತವೆ.

ಕಥೆ ಎಲ್ಲರಿಗೂ ಗೊತ್ತಿರುವುದೇ. ಎಚ್‌ಎಎಲ್, ಬಿಇಎಲ್, ಎನ್‌ಎಎಲ್, ಡಿಆರ್‌ಡಿಒದ ಹಲವು ಪ್ರಯೋಗಾಲಯಗಳು ಬೆಂಗಳೂರಿನಲ್ಲಿವೆ. 1996ರಿಂದ ಯಲಹಂಕದಲ್ಲಿ ಏರೋ ಇಂಡಿಯಾ ನಡೆಯುತ್ತಿದೆ. ಇಷ್ಟಿದ್ದರೂ 2018ರ ಬಜೆಟ್ಟಿನಲ್ಲಿ ಎರಡು ರಕ್ಷಣಾ ಕಾರಿಡಾರ್‌ಗಳು ಘೋಷಣೆಯಾದಾಗ ಒಂದು ತಮಿಳುನಾಡಿಗೆ, ಇನ್ನೊಂದು ಉತ್ತರ ಪ್ರದೇಶಕ್ಕೆ ಹೋಯಿತು. ತಮಿಳುನಾಡಿನ ಕಾರಿಡಾರಿನಲ್ಲಿ ನಮ್ಮ ಆನೇಕಲ್ಲಿನ ಗಡಿಗೆ ಅಂಟಿಕೊಂಡ ಹೊಸೂರು ಕೂಡ ಒಂದು ಕೇಂದ್ರ. ಅದೇ ವರ್ಷ ಏರೋ ಇಂಡಿಯಾ ಪ್ರದರ್ಶನವೂ ಲಖನೌಗೆ ಹೋಗುತ್ತದೆಂಬ ಸುದ್ದಿ ಹಬ್ಬಿ ಇಲ್ಲಿ ಗದ್ದಲವಾಯಿತು. ಇದರಿಂದ ನಮ್ಮ ಉದ್ಯಮ ಸಂಘಗಳೂ ಪತ್ರಿಕೆಗಳೂ ಎತ್ತಿಕೊಂಡ ಪಾಠ ಒಂದೇ: ದೆಹಲಿಯಲ್ಲಿ ನಮ್ಮ ಪರ ಮಾತಾಡುವವರು ಸಾಲದು, ಸರ್ಕಾರದ ಜೊತೆ ಒಡನಾಟ ಇನ್ನೂ ಹೆಚ್ಚಬೇಕು. ಇದಕ್ಕೆ ಎದುರಾಗಿ ನನ್ನ ಎಡಪಂಥೀಯ ಮಿತ್ರರದು ಇನ್ನೊಂದು ಸಿದ್ಧ ಅಭಿಪ್ರಾಯ: ಒಡನಾಟ ಈಗಾಗಲೇ ಅತಿಯಾಗಿದೆ, ದೇಶದ ಭದ್ರತಾ ನೀತಿಯನ್ನು ಬರೆಯುವುದೇ ಉದ್ಯಮದ ಲಾಬಿ.

ಪರಸ್ಪರ ಜಗಳವಾಡುವ ಈ ಎರಡೂ ಅಭಿಪ್ರಾಯಗಳ ತಳದಲ್ಲಿ ಒಂದೇ ನಂಬಿಕೆ ಇದೆ: ಉದ್ಯಮ ಸಂಘಗಳಿಗೆ ಸರ್ಕಾರವನ್ನು ಬಾಗಿಸುವ ಶಕ್ತಿಯುಂಟು ಎಂಬುದು. ನನ್ನ ತಕರಾರು ಅದರ ಮೇಲೆಯೇ. ರಕ್ಷಣೆ, ಭದ್ರತೆ ಎಂಬ ಹೆಸರಿನಲ್ಲಿ ಹೊರಡುವ ಆಜ್ಞೆಗಳ ವಿಷಯದಲ್ಲಿ ನಮ್ಮ ತಂತ್ರಜ್ಞಾನ ಉದ್ಯಮದ ಸಂಘಗಳು ಸಾಮಾನ್ಯವಾಗಿ ಗೆಲ್ಲುವುದು ಗಡುವನ್ನು. ಆಜ್ಞೆ ಇದ್ದ ಹಾಗೇ ಇರುತ್ತದೆ. ಯಾವಾಗಿನಿಂದ, ಹೇಗೆ ಎಂದು ಅವು ಕೇಳುತ್ತವೆ. ಇದು ಬೇಕೇ ಎಂದು ಕೇಳುವುದು ವಿರಳ. ಕೇಳದಿರುವುದಕ್ಕೆ ಹೇಡಿತನ ಕಾರಣವೆಂದು ನಾನು ಭಾವಿಸುವುದಿಲ್ಲ. ಅದಕ್ಕೆ ಗಟ್ಟಿಯಾದ ಆರ್ಥಿಕ ಕಾರಣವಿದೆ.

ಆ ಕಾರಣ ಕಾಣಬೇಕಾದರೆ ಎಚ್‌ಎಎಲ್ ಹುಟ್ಟಿದ ಕಥೆಯನ್ನು ಪೂರ್ತಿಯಾಗಿ ಓದಬೇಕು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮತ್ತು ಮೈಸೂರು ಸರ್ಕಾರ ಸೇರಿ 1940ರ ಡಿಸೆಂಬರ್ 23ರಂದು ಕಂಪನಿ ನೋಂದಾಯಿಸಿದ್ದು, ದಿವಾನ್ ಮಿರ್ಜಾ ಇಸ್ಮಾಯಿಲ್ ಒತ್ತಾಸೆಯಾಗಿ ನಿಂತದ್ದು, ಸಂಸ್ಥಾನ 25 ಲಕ್ಷ ರೂಪಾಯಿಯ ಜೊತೆಗೆ ಜಾಗವನ್ನೂ ಕೊಟ್ಟದ್ದು ನಮ್ಮ ಭಾಷಣಗಳಲ್ಲಿ ಬರುವ ಭಾಗ. ಮುಂದಿನದನ್ನು ಯಾರೂ ಹೇಳುವುದಿಲ್ಲ. 1941ರಲ್ಲಿ ಭಾರತ ಸರ್ಕಾರ ಅಷ್ಟೇ ಮೊತ್ತ ಹಾಕಿ ಪಾಲುದಾರನಾಯಿತು. ಮರುವರ್ಷದ ಏಪ್ರಿಲ್‌ನಲ್ಲಿ, ಯುದ್ಧ ಬಂಗಾಳ ಕೊಲ್ಲಿಯವರೆಗೆ ಬಂದಾಗ, ವಾಲ್‌ಚಂದರ ಪಾಲನ್ನು ಕೊಂಡು ಆಡಳಿತವನ್ನು ಪೂರ್ತಿ ತನ್ನ ಕೈಗೆ ತೆಗೆದುಕೊಂಡಿತು. ಮೈಸೂರು ತನ್ನ ಪಾಲನ್ನು ಮಾರಲು ಒಪ್ಪಲಿಲ್ಲ, ಆದರೆ ಆಡಳಿತದ ಹಿಡಿತ ಬಿಟ್ಟುಕೊಟ್ಟಿತು. ಕಾರ್ಖಾನೆ ಕನಸಿದ ಉದ್ಯಮಿ ಒಂದೂವರೆ ವರ್ಷದೊಳಗೆ ಅದರ ಹೊರಗಿದ್ದರು.

ಇದನ್ನು ಅನ್ಯಾಯದ ಕಥೆಯೆಂದು ಹೇಳುತ್ತಿಲ್ಲ. ಯುದ್ಧಕಾಲದಲ್ಲಿ ಯಾವ ಸರ್ಕಾರವೂ ಹಾಗೆ ಮಾಡಬಹುದು. ಆದರೆ ಕೈಹಿಡಿದು ನಡೆದ ದಾಂಪತ್ಯದ ಕಥೆಯೂ ಇದಲ್ಲ. ರಕ್ಷಣಾ ಕ್ಷೇತ್ರದಲ್ಲಿ ಕೊಳ್ಳುವವನು ಒಬ್ಬನೇ, ಸರ್ಕಾರ. ನಿಯಮ ಮಾಡುವವನೂ ಅವನೇ, ಪರವಾನಗಿ ಕೊಡುವವನೂ ಅವನೇ, ಪರೀಕ್ಷಿಸುವವನೂ ಬಹುಮಟ್ಟಿಗೆ ಅವನೇ. ಎಚ್‌ಎಎಲ್, ಬಿಇಎಲ್‌ಗಳ ಮೂಲಕ ಮಾರುಕಟ್ಟೆಯಲ್ಲಿ ಪ್ರತಿಸ್ಪರ್ಧಿಯಾಗಿ ನಿಲ್ಲುವವನೂ ಅವನೇ. ಇಷ್ಟು ಪಾತ್ರಗಳನ್ನು ಒಬ್ಬನೇ ಧರಿಸಿರುವಾಗ ಎದುರು ಕುಳಿತ ಸಂಘಕ್ಕೆ ಚೌಕಾಸಿಯ ಜಾಗ ಎಷ್ಟು ಉಳಿಯುತ್ತದೆ? ಇವತ್ತು ವಿರೋಧಿಸಿದ ಸಂಘದ ಸದಸ್ಯರೇ ನಾಳೆ ಟೆಂಡರು ಹಾಕಬೇಕು. ಅದಕ್ಕೇ ಅಹವಾಲಿನ ಮೊದಲ ವಾಕ್ಯ ಸ್ವಾಗತದ್ದು, ಕೊನೆಯ ವಾಕ್ಯ ಕಾಲಾವಕಾಶದ್ದು.

ಹತ್ತಿರದ ಉದಾಹರಣೆ ನೋಡೋಣ. 2022ರ ಏಪ್ರಿಲ್ 28ರಂದು ಕೇಂದ್ರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್, ಮಾಹಿತಿ ತಂತ್ರಜ್ಞಾನ ಕಾಯ್ದೆಯ 70ಬಿ ಕಲಮಿನಡಿ ನಿರ್ದೇಶನಗಳನ್ನು ಹೊರಡಿಸಿತು. ಸೈಬರ್ ದಾಳಿ ಗಮನಕ್ಕೆ ಬಂದ ಆರು ಗಂಟೆಯೊಳಗೆ ವರದಿ ಮಾಡಬೇಕು. ಕಂಪ್ಯೂಟರ್ ವ್ಯವಸ್ಥೆಗಳ ಲಾಗ್‌ಗಳನ್ನು 180 ದಿನ ಇಟ್ಟಿರಬೇಕು. ಡೇಟಾ ಸೆಂಟರ್, ಕ್ಲೌಡ್, ವಿಪಿಎನ್ ಸೇವೆ ಕೊಡುವವರು ಗ್ರಾಹಕರ ವಿವರಗಳನ್ನು ಐದು ವರ್ಷ ಕಾಪಾಡಬೇಕು. ಜಾರಿಗೆ 60 ದಿನ. ಈ ಪಠ್ಯ ಸಾರ್ವಜನಿಕರ ಮುಂದೆ ಕರಡಾಗಿ ಬರಲಿಲ್ಲ, ಆಜ್ಞೆಯಾಗಿಯೇ ಬಂತು. ಮೇ ತಿಂಗಳಲ್ಲಿ ಹನ್ನೊಂದು ಅಂತಾರಾಷ್ಟ್ರೀಯ ಉದ್ಯಮ ಸಂಘಟನೆಗಳು ಸೇರಿ ಸರ್ಟ್-ಇನ್‌ಗೆ ಪತ್ರ ಬರೆದವು. ಅದಕ್ಕೂ ಕೆಲವು ದಿನ ಮೊದಲು ಸರ್ಕಾರ ಪ್ರಶ್ನೋತ್ತರಗಳ ಕೈಪಿಡಿಯೊಂದನ್ನು ಹೊರತಂದಿತ್ತು. ಲಾಗ್‌ಗಳನ್ನು ವಿದೇಶದಲ್ಲಿಟ್ಟರೂ ನಡೆದೀತು, ಕೇಳಿದಾಗ ಕೊಟ್ಟರಾಯಿತು ಎಂಬಂಥ ಸಡಿಲಿಕೆಗಳು ಅದರಲ್ಲಿದ್ದವು. ಜೂನ್ ಕೊನೆಗೆ ಸಣ್ಣ ಉದ್ದಿಮೆಗಳಿಗೆ, ಹಾಗೂ ಗ್ರಾಹಕರ ವಿವರ ಪರಿಶೀಲಿಸುವ ವಿಷಯದಲ್ಲಿ ವಿಪಿಎನ್, ಕ್ಲೌಡ್ ಕಂಪನಿಗಳಿಗೆ, ಸೆಪ್ಟೆಂಬರ್ 25ರವರೆಗೆ ಸಮಯ ಸಿಕ್ಕಿತು.

ಇದನ್ನು ಉದ್ಯಮದ ಗೆಲುವೆಂದು ಬರೆದವರಿದ್ದಾರೆ. ಗೆದ್ದದ್ದು ಏನು ಎಂದು ಲೆಕ್ಕ ಹಾಕಿ. ಆರು ಗಂಟೆ ಆರು ಗಂಟೆಯಾಗಿಯೇ ಉಳಿಯಿತು. ಐದು ವರ್ಷ ಐದು ವರ್ಷವಾಗಿಯೇ ಉಳಿಯಿತು. ಅಷ್ಟು ಜನರ ಅಷ್ಟು ವಿವರವನ್ನು ಅಷ್ಟು ಕಾಲ ಕೂಡಿಡುವುದೇ ಹೊಸ ಅಪಾಯವಲ್ಲವೇ, ಸರ್ಕಾರ ಅದನ್ನು ಯಾವ ಮಿತಿಯೊಳಗೆ ಕೇಳಬಹುದು ಎಂಬ ಮೂಲ ಪ್ರಶ್ನೆಗಳಿಗೆ ನಿರ್ದೇಶನದಲ್ಲಿ ಯಾವ ತಿದ್ದುಪಡಿಯೂ ಬರಲಿಲ್ಲ. ಪ್ರತಿಭಟನೆಯಲ್ಲಿ ನಿಜವಾದ ತೂಕವಿದ್ದದ್ದು ಪತ್ರ ಬರೆದವರಿಗಲ್ಲ, ಎದ್ದು ಹೋಗಬಲ್ಲವರಿಗೆ. ಎಕ್ಸ್‌ಪ್ರೆಸ್ ವಿಪಿಎನ್, ಸರ್ಫ್‌ಶಾರ್ಕ್, ನಾರ್ಡ್ ವಿಪಿಎನ್‌ಗಳು ಭಾರತದಲ್ಲಿದ್ದ ಸರ್ವರ್‌ಗಳನ್ನು ತೆಗೆದುಕೊಂಡು ಹೋದವು. ಹಾರೋಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ನಾಲ್ಕು ಸಿಎನ್‌ಸಿ ಯಂತ್ರ ಇಟ್ಟುಕೊಂಡವನು ಎಲ್ಲಿಗೆ ಹೋಗುತ್ತಾನೆ? ಅವನ ಕಂಪ್ಯೂಟರ್ ಕೆಟ್ಟರೆ ಪೇಟೆಯಿಂದ ಹುಡುಗ ಬಂದು ನೋಡುವುದೇ ಮರುದಿನ. ಅವನಿಗೂ ಆರೇ ಗಂಟೆ. ಅವನ ಪಾಲಿಗೆ ಬಂದದ್ದು ಮೂರು ತಿಂಗಳ ವಾಯಿದೆ ಮಾತ್ರ.

ಇಲ್ಲಿ ಯಾರಾದರೂ 2023ರ ಲ್ಯಾಪ್‌ಟಾಪ್ ಪ್ರಕರಣವನ್ನು ನನ್ನ ಮುಂದೆ ಹಿಡಿಯಬಹುದು, ಹಿಡಿಯಲೇಬೇಕು. ಆಗಸ್ಟ್ 3ರಂದು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ ಲ್ಯಾಪ್‌ಟಾಪ್, ಟ್ಯಾಬ್ಲೆಟ್‌ಗಳ ಆಮದಿಗೆ ಲೈಸೆನ್ಸ್ ಕಡ್ಡಾಯ ಮಾಡಿತು. ಭದ್ರತೆಯೂ ಅದಕ್ಕೆ ಕೊಟ್ಟ ಕಾರಣಗಳಲ್ಲಿ ಒಂದು. ಮರುದಿನವೇ ಜಾರಿ ಅಕ್ಟೋಬರ್ ಕೊನೆಯವರೆಗೆ ಮುಂದೂಡಿಕೆಯಾಯಿತು. ಅಕ್ಟೋಬರ್‌ನಲ್ಲಿ ಲೈಸೆನ್ಸ್ ಹೋಗಿ, ಆನ್‌ಲೈನ್‌ನಲ್ಲಿ ಅನುಮತಿ ಪಡೆಯುವ ಸೌಮ್ಯ ವ್ಯವಸ್ಥೆ ಬಂತು. ಇಲ್ಲಿ ಆಜ್ಞೆಯ ತಿರುಳೇ ಬದಲಾಯಿತಲ್ಲ? ಹೌದು. ಆದರೆ ಉದ್ಯಮ ಸಂಘಗಳ ಹಿಂದೆ ನಿಂತವರನ್ನೂ ನೋಡಿ. ಅಮೆರಿಕದ ವ್ಯಾಪಾರ ಪ್ರತಿನಿಧಿ ಕ್ಯಾಥರೀನ್ ತೈ ಆಗಸ್ಟ್‌ನಲ್ಲೇ ದೆಹಲಿಗೆ ಬಂದು ವಾಣಿಜ್ಯ ಸಚಿವ ಪೀಯೂಷ್ ಗೋಯಲ್ ಮುಂದೆ ವಿಷಯ ಎತ್ತಿದ್ದರು. ಉದ್ಯಮ ಸಂಘದ ಬೆನ್ನಿಗೆ ಇನ್ನೊಂದು ಸರ್ಕಾರ ನಿಂತರೆ ತಿರುಳು ಅಲುಗಾಡುತ್ತದೆ. 1940ರಲ್ಲಿ ವಾಲ್‌ಚಂದರ ಬೆನ್ನಿಗೆ ಮೈಸೂರು ನಿಂತಿತ್ತು, 2023ರಲ್ಲಿ ಕಂಪ್ಯೂಟರ್ ಕಂಪನಿಗಳ ಬೆನ್ನಿಗೆ ವಾಷಿಂಗ್‌ಟನ್ ನಿಂತಿತು. ಸಂಘದ್ದಷ್ಟೇ ಶಕ್ತಿಯಲ್ಲಿ ಇದು ಆಯಿತೆನ್ನುವುದು ಗಟ್ಟಿ ವಾದವಲ್ಲ.

ಶುದ್ಧ ರಕ್ಷಣಾ ಖರೀದಿಗೆ ಬಂದರೂ ಇದೇ ಮಾದರಿ. 2005ರಲ್ಲಿ ವಿಜಯ್ ಕೇಳ್ಕರ್ ಸಮಿತಿ ಉದ್ಯಮದ ಬಹುಕಾಲದ ಬೇಡಿಕೆಗಳಿಗೆ ಅಧಿಕೃತ ಮುದ್ರೆ ಒತ್ತಿತು. ಅದರ ಎರಡು ಶಿಫಾರಸುಗಳ ಹಣೆಬರಹ ಹೋಲಿಸಿದರೆ ಸಾಕು. ಒಂದು ಆಫ್‌ಸೆಟ್: 300 ಕೋಟಿ ರೂಪಾಯಿಗೆ ಮೇಲ್ಪಟ್ಟ ಖರೀದಿಯಲ್ಲಿ ವಿದೇಶಿ ಕಂಪನಿ ಮೌಲ್ಯದ ಶೇ 30ರಷ್ಟನ್ನು ಇಲ್ಲಿ ಹೂಡಬೇಕು ಅಥವಾ ಕೊಳ್ಳಬೇಕು ಎಂಬುದು ಅಂದಿನ ಷರತ್ತು. ಅದು ಬೇಗನೆ ಜಾರಿಯಾಯಿತು. ಇನ್ನೊಂದು ರಕ್ಷಾ ಉದ್ಯೋಗ ರತ್ನ: ಆಯ್ದ ಖಾಸಗಿ ಕಂಪನಿಗಳನ್ನು ಸಾರ್ವಜನಿಕ ಉದ್ದಿಮೆಗಳ ಸಮಕ್ಕೆ ತರುವುದು. ಸಾರ್ವಜನಿಕ ಉದ್ದಿಮೆಗಳ ಕಾರ್ಮಿಕ ಸಂಘಗಳು ವಿರೋಧಿಸಿದವು, ಯೋಜನೆ ಕಡತದಲ್ಲೇ ಉಳಿಯಿತು. ಹತ್ತು ವರ್ಷ ಕಳೆದ ಮೇಲೆ ಅದೇ ಚಿಂತನೆ ವ್ಯೂಹಾತ್ಮಕ ಪಾಲುದಾರರು ಎಂಬ ಹೆಸರಿನಲ್ಲಿ ಮರಳಿತು. ಪಾಲುದಾರರ ಆಯ್ಕೆಗೆ ಮಾನದಂಡ ರೂಪಿಸಿದ ಕಾರ್ಯಪಡೆಯ ನೇತೃತ್ವ ವಹಿಸಿದ್ದವರು ಡಿಆರ್‌ಡಿಒದ ಮಾಜಿ ಮುಖ್ಯಸ್ಥರು, ನಮ್ಮವರೇ ಆದ ವಿ.ಕೆ. ಅತ್ರೆ. 2017ರ ಮೇನಲ್ಲಿ ನೀತಿ ಪ್ರಕಟವಾಯಿತು. ವಿದೇಶಿಯರಿಂದ ವಸೂಲಿ ಮಾಡುವ ನಿಯಮಕ್ಕೆ ಸರ್ಕಾರ ತಡಮಾಡಲಿಲ್ಲ. ತನ್ನದೇ ಕಾರ್ಖಾನೆಗಳ ಜಾಗವನ್ನು ಹಂಚಿಕೊಳ್ಳುವ ನಿಯಮ ಕಾಗದದ ಮೇಲೆ ಬರುವುದಕ್ಕೇ ಹನ್ನೆರಡು ವರ್ಷ ಹಿಡಿಯಿತು.

ಆಫ್‌ಸೆಟ್ಟಿನಿಂದ ಬೆಂಗಳೂರಿಗೆ ಲಾಭವಾಗಿದೆ, ನಿಜ. ಖಾಸಗಿ ವೈಮಾನಿಕ ಉದ್ಯಮ ಬೆಳೆದಿರುವುದೂ ನಿಜ: ಬೆಂಗಳೂರಿನ ಡೈನಮ್ಯಾಟಿಕ್ ಕಂಪನಿ ಏರ್‌ಬಸ್‌ಗೆ ಭಾಗಗಳನ್ನು ಕೊಡುತ್ತದೆ, ಬೆಳಗಾವಿಯ ಏಕಸ್ ಜಗತ್ತಿನ ವಿಮಾನ ಕಂಪನಿಗಳಿಗೆ ಬಿಡಿಭಾಗ ಮಾಡುತ್ತದೆ. ಆದರೆ ಸಂಘ ಎಂದಾಗ ಯಾರ ಸಂಘ ಎಂದು ಕೇಳದೆ ವಿಮರ್ಶೆ ಮುಂದುವರಿಯಲಾರದು. ಸಾಫ್ಟ್‌ವೇರ್ ಕಂಪನಿಗಳ ಸಂಘ ನಾಸ್ಕಾಂ 1988ರಲ್ಲಿ ಹುಟ್ಟಿತು; 2008ರಲ್ಲಿ ಅದು ಕಟ್ಟಿದ ಡೇಟಾ ಸೆಕ್ಯುರಿಟಿ ಕೌನ್ಸಿಲ್ ಸರ್ಕಾರದ ಜೊತೆ ಸೈಬರ್ ಭದ್ರತೆಯ ಮಾತಾಡುತ್ತದೆ. ಸಿಐಐ 2016ರಲ್ಲಿ ರಕ್ಷಣಾ ಉತ್ಪಾದಕರಿಗಾಗಿಯೇ ಎಸ್‌ಐಡಿಎಂ ಎಂಬ ಸಂಘಟನೆಯನ್ನು ಹುಟ್ಟುಹಾಕಿತು. ಇವುಗಳಿಗೆ ಸಂಬಳದ ನೀತಿತಜ್ಞರಿದ್ದಾರೆ. ಕರಡು ಬಂದ ವಾರದೊಳಗೆ ಕಲಮುವಾರು ಟಿಪ್ಪಣಿ ಕಳಿಸಬಲ್ಲರು. ವಿಶ್ವೇಶ್ವರಯ್ಯನವರ ಆಸ್ಥೆಯಿಂದ 1916ರಲ್ಲಿ ಮೈಸೂರು ವಾಣಿಜ್ಯ ಮಂಡಳಿಯಾಗಿ ಆರಂಭವಾದ ಎಫ್‌ಕೆಸಿಸಿಐ, ಸಣ್ಣ ಕೈಗಾರಿಕೆಗಳ ಸಂಘವಾದ 1949ರ ಕಾಸಿಯಾ, ಪೀಣ್ಯದ ಕೈಗಾರಿಕಾ ಸಂಘ, ಇವುಗಳ ಸದಸ್ಯರ ಚಿಂತೆ ಬೇರೆ: ವಿದ್ಯುತ್ ದರ, ರಸ್ತೆ, ಆಸ್ತಿ ತೆರಿಗೆ, ಬಾಕಿ ಬಿಲ್ಲು. ದೊಡ್ಡ ಕಂಪನಿಯೂ ಅದಕ್ಕೆ ಜಾಬ್ ವರ್ಕ್ ಮಾಡಿಕೊಡುವ ಶೆಡ್ಡೂ ಒಂದೇ ಉದ್ಯಮವೆಂದು ಸಮಾವೇಶ ಹೇಳುತ್ತದೆ. ಸಣ್ಣ ಉದ್ದಿಮೆಗೆ 45 ದಿನದೊಳಗೆ ಹಣ ಕೊಡಬೇಕೆಂದು 2006ರ ಎಂಎಸ್‌ಎಂಇ ಕಾಯ್ದೆ ಹೇಳುತ್ತದೆ. ಆ ಹಣ ತಡೆದಿಡುವವನೂ ಅದಕ್ಕೆ ಕಾಯುವವನೂ ಒಂದೇ ನಿಯೋಗದಲ್ಲಿ ಮಂತ್ರಿಯ ಮುಂದೆ ನಿಂತರೆ, ಅಹವಾಲಿನಲ್ಲಿ ಆ 45 ದಿನದ ಮಾತು ಎಷ್ಟನೆಯ ಪುಟಕ್ಕೆ ಹೋದೀತು?

ಹಾಗಾದರೆ ಇನ್ನೊಂದು ಸರ್ಕಾರದ ಬೆಂಬಲವಿಲ್ಲದೆ ಆಜ್ಞೆಯ ತಿರುಳು ಬದಲಾಗುವುದು ಸಾಧ್ಯವೇ ಇಲ್ಲವೇ? ಸಾಧ್ಯವಿದೆ. ಡ್ರೋನ್ ನಿಯಮಗಳ ಕಥೆಯನ್ನು ನಾನು ನನ್ನ ವಾದಕ್ಕೆ ತೊಡಕೆಂದುಕೊಂಡೇ ಎತ್ತಿಕೊಂಡೆ. ನೋಡುತ್ತ ಹೋದಂತೆ ಅದೇ ವಾದದ ಉಳಿದ ಅರ್ಧವಾಯಿತು. 2021ರ ಮಾರ್ಚ್‌ನಲ್ಲಿ ಬಂದ ಮಾನವರಹಿತ ವಿಮಾನಗಳ ನಿಯಮ 25 ನಮೂನೆಗಳನ್ನೂ 72 ಬಗೆಯ ಶುಲ್ಕಗಳನ್ನೂ ಹೇರಿತ್ತು. ಅದು ಕಟ್ಟಿಹಾಕುವ ನಿಯಮವೆಂದು ಸ್ಟಾರ್ಟ್‌ಅಪ್‌ಗಳಷ್ಟೇ ಅಲ್ಲ, ಕಾಲೇಜುಗಳೂ ಡ್ರೋನ್ ಬಳಸುವವರೂ ಆಕ್ಷೇಪಿಸಿದರು. ಜುಲೈನಲ್ಲಿ ಹೊಸ ಕರಡು ಸಾರ್ವಜನಿಕರ ಮುಂದೆ ಬಂತು, ಆಗಸ್ಟ್ 25ಕ್ಕೆ ಹೊಸ ನಿಯಮವೇ ಪ್ರಕಟವಾಯಿತು. ನಮೂನೆ ಐದಕ್ಕೆ, ಶುಲ್ಕ ನಾಲ್ಕು ಬಗೆಗೆ ಇಳಿಯಿತು. ಇಲ್ಲಿ ಗಡುವು ಮುಂದೆ ಹೋಗಲಿಲ್ಲ, ನಿಯಮವೇ ಹೋಯಿತು.

ಇದು ಭದ್ರತೆಗೆ ಸಂಬಂಧಿಸದ ಹಗುರ ವಿಷಯ ಎಂದು ತಳ್ಳಿಹಾಕುವಂತಿಲ್ಲ. ಮಾರ್ಚ್‌ಗೂ ಆಗಸ್ಟ್‌ಗೂ ನಡುವೆ, ಜೂನ್ 27ರಂದು, ಜಮ್ಮುವಿನ ವಾಯುಪಡೆ ನೆಲೆಯ ಮೇಲೆ ಡ್ರೋನ್‌ಗಳಿಂದ ಸ್ಫೋಟಕ ಬಿದ್ದಿತ್ತು. ಬಾಗಿಲು ಮುಚ್ಚಲು ಅದಕ್ಕಿಂತ ಒಳ್ಳೆಯ ನೆಪ ಬೇಕೇ? ಆದರೂ ಮೂರು ವಾರದೊಳಗೆ ಕರಡು ಬಯಲಿಗೆ ಬಂತು, ಚರ್ಚೆಯಾಯಿತು, ಸಡಿಲವಾದ ನಿಯಮ ಬಂತು. ಕರಡು ಪ್ರಕಟಿಸಿದರೆ ಎಲ್ಲ ಸರಿಹೋಗುತ್ತದೆ ಎಂದು ನಾನು ಹೇಳುವುದಿಲ್ಲ. 2020ರಲ್ಲೂ ಕರಡು ಪ್ರಕಟವಾಗಿತ್ತು, ಆದರೂ ಬಂದದ್ದು ಮಾರ್ಚ್‌ನ ಆ ಬಿಗಿ ನಿಯಮ. ಡ್ರೋನ್ ಉದ್ಯಮ ಬೆಳೆಯಬೇಕೆಂದು ಸರ್ಕಾರಕ್ಕೇ ಮನಸ್ಸಿತ್ತೆಂಬುದೂ ಅಲ್ಲಗಳೆಯಲಾಗದ್ದು. ಆದರೆ ಪಠ್ಯ ಎಲ್ಲರ ಕೈಗೆ ಸಿಕ್ಕಾಗ ಸಂಘದ ಆಚೆಗಿನವರೂ ಮಾತಾಡಿದರು. ಟೆಂಡರಿನ ಹಂಗಿಲ್ಲದವರು ಸೇರಿದ್ದರಿಂದಲೇ ಈ ನಿಯಮ ಬೇಕೇ ಎಂಬ ಪ್ರಶ್ನೆ ಮೇಜಿನ ಮೇಲೆ ಬಂತು.

ರಕ್ಷಣೆಯ ಮಾತು ಬಂದಾಗಲೆಲ್ಲ ಗೌಪ್ಯತೆಯ ಪರದೆ ಎಳೆಯುವವರಿಗೆ ನನ್ನ ಉತ್ತರ ಇದೇ. ಎಷ್ಟು ಕ್ಷಿಪಣಿ, ಎಲ್ಲಿ, ಯಾವ ದೌರ್ಬಲ್ಯ ಎಂಬುದು ಗುಟ್ಟಾಗಿರಲಿ, ಇರಲೇಬೇಕು. ಖರೀದಿಯ ವಿಧಾನ, ಲಾಗ್ ಇಡುವ ಅವಧಿ, ಆಮದಿನ ಷರತ್ತು ಗುಟ್ಟಲ್ಲ. ಅವೆಲ್ಲ ಕೊನೆಗೆ ರಾಜ್ಯಪತ್ರದಲ್ಲೋ ಇಲಾಖೆಯ ಪ್ರಕಟಣೆಯಲ್ಲೋ ಅಚ್ಚಾಗುವಂಥವೇ. 2020ರ ರಕ್ಷಣಾ ಖರೀದಿ ವಿಧಾನದ ಕರಡನ್ನು ಸ್ವತಃ ರಕ್ಷಣಾ ಸಚಿವಾಲಯವೇ ಸಾರ್ವಜನಿಕ ಅಭಿಪ್ರಾಯಕ್ಕೆ ಬಿಟ್ಟಿತ್ತು. ಕರಡುಗಳನ್ನು ಕನಿಷ್ಠ 30 ದಿನ ಜನರ ಮುಂದಿಡಬೇಕೆಂದು ಕೇಂದ್ರ ಸರ್ಕಾರವೇ 2014ರಲ್ಲಿ ನೀತಿ ಮಾಡಿಕೊಂಡಿದೆ. ನಾಳೆ ಎಲ್ಲರಿಗೂ ಅನ್ವಯಿಸುವ ನಿಯಮ ಇವತ್ತು ಕೆಲವರಿಗೆ ಮಾತ್ರ ಗೊತ್ತಿದ್ದರೆ, ಅದರಿಂದ ಶತ್ರುವಿಗೆ ನಷ್ಟವೇನೂ ಇಲ್ಲ. ಕೋಣೆಯೊಳಗಿದ್ದ ಕಂಪನಿಗೆ ಮಾತ್ರ ಲಾಭವಿದೆ.

ಈಗ ದೇವನಹಳ್ಳಿಗೆ ಬರುತ್ತೇನೆ; ನಮ್ಮ ನಾಡಿನ ಅತಿ ಕಟುವಾದ ಸಾಕ್ಷ್ಯ ಇರುವುದು ಅಲ್ಲಿ. ದೇಶದಲ್ಲೇ ಮೊದಲಿಗೆ ಏರೋಸ್ಪೇಸ್ ನೀತಿ ತಂದ ರಾಜ್ಯ ನಮ್ಮದು. ಆ ಮಹತ್ವಾಕಾಂಕ್ಷೆಯ ಮುಂದುವರಿಕೆಯಾಗಿ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆ ಜಮೀನಿಗೆ ಸ್ವಾಧೀನದ ನೋಟಿಸ್ ಬಂತು. ರೈತರು 2022ರಲ್ಲಿ ಧರಣಿ ಕುಳಿತರು, ಸಾವಿರಕ್ಕೂ ಹೆಚ್ಚು ದಿನ ಕುಳಿತರು. 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸ್ವಾಧೀನ ಕೈಬಿಟ್ಟಿರುವುದಾಗಿ ಘೋಷಿಸಿದರು. ತಾವಾಗಿ ಕೊಡುವವರಿಂದ ಮಾತ್ರ ಜಮೀನು ಪಡೆಯುವುದಾಗಿ ಹೇಳಿದರು. ಕೂಡಲೇ ಆಂಧ್ರದ ಸಚಿವ ನಾರಾ ಲೋಕೇಶ್, ಬೆಂಗಳೂರಿನ ಪಕ್ಕದಲ್ಲೇ ನಮ್ಮಲ್ಲಿ ಜಮೀನಿದೆ, ಬನ್ನಿ ಎಂದು ಏರೋಸ್ಪೇಸ್ ಉದ್ಯಮವನ್ನು ಕರೆದರು. ನಮ್ಮ ಉದ್ಯಮ ವಲಯದಲ್ಲಿ ತಲೆ ಚಚ್ಚಿಕೊಂಡವರೇ ಹೆಚ್ಚು: ಹೊಸೂರಿಗೆ ಕಾರಿಡಾರ್ ಹೋಯಿತು, ಇನ್ನು ಉದ್ಯಮವೂ ಗಡಿ ದಾಟುತ್ತದೆ ಎಂದು.

ಆ ಆತಂಕ ಸುಳ್ಳೆಂದು ನಾನು ಹೇಳಲಾರೆ. ಕೆಲಸ ಬೇಕಾದ ಮಕ್ಕಳು ಮಾಗಡಿಯಲ್ಲೂ ಇದ್ದಾರೆ, ಚನ್ನರಾಯಪಟ್ಟಣದಲ್ಲೂ ಇದ್ದಾರೆ. ಆದರೆ ಆ ತಲೆ ಚಚ್ಚಿಕೊಳ್ಳುವಿಕೆಯಲ್ಲಿ ಒಂದು ದೊಡ್ಡ ಸಂಗತಿ ಕಳೆದುಹೋಯಿತು. ದೆಹಲಿಯ ಕೋಣೆಗಳಲ್ಲಿ ಸಂಘಗಳು ಕೇಳಲಾಗದ ಪ್ರಶ್ನೆಯನ್ನು ಈ ರೈತರು ಕೇಳಿದರು: ಇದು ಬೇಕೇ, ಇಲ್ಲಿಯೇ ಬೇಕೇ, ಇಷ್ಟೇ ಬೇಕೇ? ಅವರಿಗೆ ಕೇಳಲು ಆದದ್ದು ಅವರು ಯಾವ ಪರ್ಚೇಸ್ ಆರ್ಡರಿಗೂ ಕಾಯುತ್ತಿರಲಿಲ್ಲವಾದ್ದರಿಂದ. ಅವರು ಗಡುವು ಕೇಳಲಿಲ್ಲ, ಆಜ್ಞೆಯನ್ನೇ ಬದಲಿಸಿಕೊಂಡರು. ಒಡನಾಟ ಎಂಬುದಕ್ಕೆ ಯಲಹಂಕದ ಪೆವಿಲಿಯನ್ನುಗಳಲ್ಲಿ ಸಿಗದ ಅರ್ಥ ಆ ಧರಣಿಯಲ್ಲಿ ಸಿಕ್ಕಿತು. ಸರ್ಕಾರ ಮೊದಲ ದಿನವೇ ಹಳ್ಳಿಯವರೊಂದಿಗೂ ಉದ್ಯಮದವರೊಂದಿಗೂ ಒಂದೇ ಕಾಗದವನ್ನು ನಡುವೆ ಇಟ್ಟು ಮಾತಾಡಿದ್ದರೆ ಮೂರು ವರ್ಷದ ಧರಣಿಯೂ ಬೇಕಿರಲಿಲ್ಲ, ಉದ್ಯಮಕ್ಕೆ ಮೂರು ವರ್ಷದ ಅನಿಶ್ಚಿತತೆಯೂ ಇರುತ್ತಿರಲಿಲ್ಲ. ಬಿಡದಿಯ ಉಪನಗರಕ್ಕೆ ಜಮೀನು ಹುಡುಕುತ್ತಿರುವವರು ಇದನ್ನು ಓದಿಕೊಂಡರೆ ಒಳ್ಳೆಯದು.

ಕೈಗಾರಿಕಾ ಸಚಿವ ಎಂ.ಬಿ. ಪಾಟೀಲರು 2025ರಲ್ಲಿ ಕೇಂದ್ರದ ಮುಂದೆ ಕರ್ನಾಟಕಕ್ಕೂ ರಕ್ಷಣಾ ಕಾರಿಡಾರ್ ಬೇಕೆಂಬ ಬೇಡಿಕೆ ಇಟ್ಟಿದ್ದಾರೆ. ಸಿಕ್ಕರೆ ಸಂತೋಷ. ಆದರೆ ಅದಕ್ಕಿಂತ ಮುಖ್ಯವಾದ ಬೇಡಿಕೆಯನ್ನು ನಾನು ನಮ್ಮ ಸಂಘಗಳ ಮುಂದೆ ಇಡುತ್ತೇನೆ, ಏಕೆಂದರೆ ಇದಕ್ಕೆ ದೆಹಲಿಯ ಅನುಮತಿ ಬೇಕಿಲ್ಲ. ಭದ್ರತೆಯ ಹೆಸರಿನ ಯಾವ ನಿಯಮದ ಬಗ್ಗೆ ಸರ್ಕಾರಕ್ಕೆ ಯಾವ ಅಹವಾಲು ಕೊಟ್ಟರೂ ಅದನ್ನು ಅದೇ ದಿನ ಪ್ರಕಟಿಸಿ, ಕನ್ನಡದಲ್ಲಿಯೂ ಪ್ರಕಟಿಸಿ. ದೊಡ್ಡ ಸದಸ್ಯರ ಅಭಿಪ್ರಾಯವನ್ನೂ ಸಣ್ಣ ಸದಸ್ಯರ ಅಭಿಪ್ರಾಯವನ್ನೂ ಬೇರೆಬೇರೆಯಾಗಿ ದಾಖಲಿಸಿ. ಕಾಲಾವಕಾಶ ಕೇಳುವ ಮೊದಲು, ಈ ನಿಯಮ ಬೇಕೇ ಎಂಬ ಬಗ್ಗೆ ಒಂದು ಪುಟವಾದರೂ ಬರೆಯಿರಿ. ಬೇಕೆಂದೇ ನಿಮ್ಮ ಅಭಿಪ್ರಾಯವಾದರೆ ಹಾಗೆಯೇ ಬರೆಯಿರಿ, ಅದಕ್ಕೂ ಗೌರವವಿದೆ. ರಾಜ್ಯ ಸರ್ಕಾರ ಕೂಡ ತನ್ನ ಏರೋಸ್ಪೇಸ್ ನೀತಿಗೆ ಯಾರು ಏನು ಸಲಹೆ ಕೊಟ್ಟರು, ಯಾವುದನ್ನು ಒಪ್ಪಿತು, ಯಾವುದನ್ನು ಬಿಟ್ಟಿತು ಎಂಬುದನ್ನು ಜನರ ಮುಂದಿಡಲಿ.

ಹೀಗೆ ಮಾಡಿದರೆ ದೆಹಲಿ ಮುನಿಯುತ್ತದೆ, ಆರ್ಡರು ಕೈತಪ್ಪುತ್ತದೆ ಎಂಬ ಭಯ ಇರಬಹುದು. ಒಬ್ಬೊಬ್ಬ ಉದ್ಯಮಿಗೆ ಆ ಭಯ ಸಹಜ. ಆ ಭಯವನ್ನು ಒಬ್ಬೊಬ್ಬರೇ ಹೊರಬಾರದೆಂದೇ ಅಲ್ಲವೇ ಸಂಘ ಕಟ್ಟುವುದು? ನೂರು ಜನ ಸೇರಿ ಕೇಳಬೇಕಾದ ಪ್ರಶ್ನೆಯನ್ನು ನೂರು ಜನರ ಹೆಸರಿನಲ್ಲಿ ನುಂಗಿಕೊಳ್ಳುವ ಸಂಘ ಸದಸ್ಯರಿಂದ ಚಂದಾ ಪಡೆಯಬಹುದು, ವೇದಿಕೆಯ ಮೇಲೆ ಕುರ್ಚಿಯನ್ನೂ ಪಡೆಯಬಹುದು. ಉದ್ಯಮವನ್ನು ಪ್ರತಿನಿಧಿಸುತ್ತೇನೆ ಎನ್ನುವ ಹಕ್ಕನ್ನು ಮಾತ್ರ ಅದು ಇನ್ನೂ ಗಳಿಸಿಲ್ಲ.